ಅಮಸಿದ್ದಪ್ಪನ ಬೆನ್ನು, ಗುರುಲಿಂಗವ್ವನ ರೊಟ್ಟಿ

ಅಮಸಿದ್ದಪ್ಪನ ಮುಖ ನೋಡುವುದಕ್ಕಿಂತ ಒಂದು ದಿನ ಮೊದಲೇ ಅವನ ಸುದ್ದಿ ಗುರುಲಿಂಗವ್ವನ ಕಿವಿಗೆ ಬಿದ್ದಿತ್ತು. ಹುನಗುಂದದ ಕಾಳುಕಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಗಂಡ ಅಂದಾನಪ್ಪ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು, ಕೂತಲ್ಲೇ ಎದೆ ಹಿಡಿದುಕೊಂಡು ಹೋದ. ಮಕ್ಕಳಿರಲಿಲ್ಲ. ಕೈಗೆ ಗೊತ್ತಿದ್ದ ವಿದ್ಯೆ ರೊಟ್ಟಿ ಒಂದೇ. ಮಾರುಕಟ್ಟೆಯ ಹಮಾಲರಿಗೆ ಎರಡು ಹೊತ್ತು ರೊಟ್ಟಿ ಹಾಕುತ್ತ ಅವಳು ವರ್ಷಗಳನ್ನು ದೂಡುತ್ತಿದ್ದಳು. ಅಂದು ಮಧ್ಯಾಹ್ನ ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದಾಗ ಹಮಾಲರ ಮುಕಾದಮ ಚಾಂದಸಾಬ ಬಂದು ಹೊಸ್ತಿಲಲ್ಲಿ ಕೂತ.

"ಅವ್ವಾರ, ನಾಳಿಂದ ಹಿಟ್ಟ ಒಂದೀಟ ಹೆಚ್ಗಿ ನಾದ್ರಿ."

"ಎಷ್ಟ ಮಂದಿ ಬರತಾರಪಾ?"

"ಮಂದಿ ಒಬ್ಬನ. ಹಿಟ್ಟ ಮಾತ್ರ ಮೂರು ಮಂದೀದು ನಾದ್ರಿ."

"ಮನಶ್ಯಾ ಅದಾನೋ, ಎತ್ತ ಅದಾನೋ?"

"ಎತ್ತಾದ್ರ ಸಂಜೀಕ ದಣೀತೈತ್ರಿ. ಇಂವ ದಣಿಯಂಗಿಲ್ಲ. ಬದಾಮಿ ಕಡೆಯಾಂವ, ಕುರಿ ಬಿಟ್ಟು ಬಂದಾನ. ನಿನ್ನಿ ಕಡ್ಲಿ ಚೀಲಾ ಹೊತ್ತು ಹಲಿಗಿ ಮ್ಯಾಲೆ ಏರೂ ಮುಂದ ಲಾರಿ ಡ್ರೈವರ ಕೆಳಗಿಳದು ನೋಡಕೋತ ನಿಂತ. ಬೆನ್ನಲ್ರಿ ಅದು, ದೊಡ್ಡ ವಾಡೇದ ಬಾಗ್ಲಾ!"

ಮರುದಿನ ಅವನು ಬಂದ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದು, ಗೋಡೆಗೆ ಒರಗದೆ ನೆಟ್ಟಗೆ ಕೂತ. ಕೆಂಪು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಗುರುಲಿಂಗವ್ವ ರೊಟ್ಟಿ ಹಾಕಿದಳು, ಕಾಳುಪಲ್ಯ ಹಾಕಿದಳು, ಶೇಂಗಾ ಹಿಂಡಿಯ ಮೇಲೆ ಎಣ್ಣೆ ಬಿಟ್ಟಳು. ಉಳಿದ ಹಮಾಲರು ಉಂಡು ಕೈ ತೊಳೆದು ಬೀಡಿ ಹಚ್ಚಿದರೂ ಇವನು ಉಣ್ಣುತ್ತಲೇ ಇದ್ದ. ಅವಸರವಿಲ್ಲದೆ, ತುತ್ತಿಗೊಮ್ಮೆ ಅವಳ ಕೈಯನ್ನು ನೋಡುತ್ತ ಉಣ್ಣುತ್ತಿದ್ದ. ಇಷ್ಟು ಲಕ್ಷ್ಯ ಕೊಟ್ಟು ತನ್ನ ರೊಟ್ಟಿಯನ್ನು ಯಾರಾದರೂ ಉಂಡದ್ದು ಅವಳಿಗೆ ನೆನಪಿರಲಿಲ್ಲ. ಅಂದಾನಪ್ಪ ಲೆಕ್ಕದ ಗುಂಗಿನಲ್ಲೇ ಉಣ್ಣುತ್ತಿದ್ದವನು.

ಅವಳ ಮನೆಯಲ್ಲಿ ಒಂದು ರೂಢಿಯಿತ್ತು. ಉಣ್ಣುವವರ ಮುಂದೆ ರೊಟ್ಟಿ ಎಣಿಸಬಾರದು. ಅವಳ ಅತ್ತೆ ಹೇಳಿಕೊಟ್ಟದ್ದು ಅದು. ಎಣಿಸಿ ಹಾಕಿದ ರೊಟ್ಟಿ ಮೈಗೆ ಹತ್ತುವುದಿಲ್ಲ, ಉಣ್ಣುವವನಿಗೂ ಒಳ್ಳೆಯದಲ್ಲ, ನೀಡುವವಳಿಗೂ ಒಳ್ಳೆಯದಲ್ಲ. ಹಮಾಲರ ಬಳಿ ತಿಂಗಳಿಗಿಷ್ಟು ಎಂದು ಒಟ್ಟಿಗೆ ಇಸಿದುಕೊಳ್ಳುತ್ತಿದ್ದಳೇ ಹೊರತು ರೊಟ್ಟಿಯ ಲೆಕ್ಕ ಇಟ್ಟವಳಲ್ಲ. ಹಾಗಾಗಿ ಅಮಸಿದ್ದಪ್ಪ ಅಂದು ಎಷ್ಟು ಉಂಡನೋ ಅವಳಿಗೆ ತಿಳಿಯದು. ಬುಟ್ಟಿಯ ತಳ ಕಂಡಿತು, ಅಷ್ಟೇ.

ಅವನ ಕಥೆ ಅವಳಿಗೆ ಒಂದೇ ದಿನಕ್ಕೆ ಸಿಕ್ಕಿದ್ದಲ್ಲ. ಇಂದು ಒಂದು ಮಾತು, ಬರುವ ವಾರ ಇನ್ನೊಂದು. ಹುಟ್ಟಿದ್ದು ಬದಾಮಿ ಹತ್ತಿರದ ಹಳ್ಳಿಯಲ್ಲಿ, ಬೀರಪ್ಪನ ಒಕ್ಕಲು. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಕುರಿ ಹಂಚಿಕೊಂಡರು. ಅವನ ಪಾಲಿನ ಕುರಿಗಳಿಗೆ ಬಾಯಿಬೇನೆ ಬಂದು ಒಂದೇ ಮಳೆಗಾಲದಲ್ಲಿ ಹೋದವು. ಹುನಗುಂದಕ್ಕೆ ಬಂದು ಹಮಾಲಿಗೆ ನಿಂತ. ಮದುವೆಯಾಗಿತ್ತು, ಹೆಂಡತಿ ಹುಚ್ಚವ್ವ. ಕಾಮಾಲೆಯಾಗಿ ತೀರಿಕೊಂಡಳು. ಇದನ್ನು ಹೇಳಿದ ದಿನ ಅವನು ಮಜ್ಜಿಗೆ ಬೇಡವೆಂದು ಎದ್ದು ಹೋದ. ಅವನ ಖೋಲಿಯಲ್ಲಿ ಒಂದು ಕಂಬಳಿ, ಒಂದು ಕೊಡ, ಗೂಟಕ್ಕೆ ಹುಚ್ಚವ್ವನ ಒಂದು ಇಲಕಲ್ ಸೀರೆ. ಅಲ್ಲಿ ಒಲೆ ಹೂಡಿರಲೇ ಇಲ್ಲ.

"ಮತ್ತೊಬ್ಬಾಕಿನ್ನ ಮಾಡ್ಕೊ ಅಂತ ಯಾರೂ ಅನ್ನಲಿಲ್ಲೇನಪಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಅಂದ್ರರಿ. ನೋಡಾಕ ಬಂದಾಕಿ ನಾ ಉಣ್ಣೂದು ನೋಡಿ ವಾಪಸ್ ಹೋದ್ಲು," ಎಂದು ಅವನು ನಕ್ಕ. ನಕ್ಕಾಗ ಅವನ ಹೆಗಲು ಕುಲುಕುತ್ತಿತ್ತು, ಸಪ್ಪಳ ಬರುತ್ತಿರಲಿಲ್ಲ.

ಹೀಗೆ ಅನೇಕ ವರ್ಷ ನಡೆಯಿತು. ಆಮೇಲೆ ಒಂದು ಕಡಲೆ ಸುಗ್ಗಿಯಲ್ಲಿ, ಲಾರಿಗೆ ಚೀಲ ಏರಿಸುವಾಗ, ಅವನ ಬಲಗಾಲು ಹಲಗೆಯ ಮೇಲೆಯೇ ನಿಂತುಬಿಟ್ಟಿತು. ಅವನು ಬೀಳಲಿಲ್ಲ, ಚೀಲವನ್ನೂ ಬಿಡಲಿಲ್ಲ. ಮುಂದಿನ ಹೆಜ್ಜೆ ಮಾತ್ರ ಬರಲಿಲ್ಲ. ಕೆಳಗಿದ್ದವರು "ಏರಲೇ, ಏನ್ ಫೋಟೋ ತಗಸ್ಕೊಳಾಕ ನಿಂತಿ?" ಎಂದು ಚಾಷ್ಟಿ ಮಾಡಿದರು. ಅವನು ಹಾಗೆಯೇ ನಿಂತಿದ್ದ. ಚಾಂದಸಾಬ ಓಡಿಹೋಗಿ ಚೀಲಕ್ಕೆ ಕೈಕೊಟ್ಟಾಗ ಅವನ ಮೈ ಬೆವತು ತೊಪ್ಪೆಯಾಗಿತ್ತು.

ಆಮೇಲೆ ಎಣ್ಣೆ ತಿಕ್ಕುವವರು, ಉಸುಕಿನ ಶಾಖ ಕೊಡುವವರು, ಬೆನ್ನ ಮೇಲೆ ಕಾಲಿಟ್ಟು ತುಳಿಯುವವರು ಎಲ್ಲರೂ ಆದರು. ಕಡೆಗೆ ಬಾಗಲಕೋಟೆಯ ದವಾಖಾನೆಯಲ್ಲಿ ಫೋಟೋ ತೆಗೆಸಿದಾಗ, ಸೊಂಟದ ಹತ್ತಿರ ಬೆನ್ನೆಲುಬಿನ ಎರಡು ಮಣಿಗಳ ನಡುವಿನ ಗಾದಿ ಪೂರ್ತಿ ನುಗ್ಗಾಗಿದೆ ಎಂದರು. ಗಾದಿ ಎಂದರೆ ಎಲುಬಿಗೆ ಎಲುಬು ತಿಕ್ಕದಂತೆ ನಡುವೆ ಇರುವ ಮೆತ್ತನೆಯ ವಸ್ತು. ಅದನ್ನು ತೆಗೆದು ಅಲ್ಲಿ ಲೋಹದ, ನಡುವೆ ಪ್ಲಾಸ್ಟಿಕ್ ಇರುವ, ಅಲುಗಾಡುವ ಹೊಸ ಗಾದಿ ಕೂಡಿಸಬಹುದು ಎಂದರು. ಸರಕಾರದ ಕಾರ್ಡಿನ ಮೇಲೆ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಆಪರೇಶನ್ ಆಯಿತು.

ಗುರುಲಿಂಗವ್ವ ಚಾಂದಸಾಬನ ಜೊತೆ ಬಸ್ಸು ಹತ್ತಿ ನೋಡಲು ಹೋದಳು. ಅಮಸಿದ್ದಪ್ಪ ಅಂಗಾತ ಮಲಗಿದ್ದ. ಹೊದಿಕೆ ಸರಿಸಿ ತೋರಿಸಿದ. ಹೊಕ್ಕುಳದ ಕೆಳಗೆ ಉದ್ದಕ್ಕೆ ಬಿಳಿ ಪಟ್ಟಿ.

"ಏ, ಇದೇನೋ!" ಎಂದ ಚಾಂದಸಾಬ. "ಬ್ಯಾನಿ ಬೆನ್ನಾಗ, ಕೊಯ್ದದ್ದು ಹೊಟ್ಟಿ? ಯಾರದರ ಪಾಳಿಗೆ ನೀ ಹೋಗಿ ಮಲಗಿದೇನು?"

"ಮುಂದಿನಿಂದ ಹೋಗಿ ಕೂಡಸ್ತಾರಂತ ಮಾಮಾ. ಹಿಂದ ನರಾ ಇರತಾವಂತ."

ಚಾಂದಸಾಬ ತಲೆ ಕೆರೆದುಕೊಂಡ. ಗುರುಲಿಂಗವ್ವ ಆ ಪಟ್ಟಿಯನ್ನೇ ನೋಡುತ್ತಿದ್ದಳು. ಸೊಂಟಕ್ಕೆ ಬಿಗಿಯಲು ದವಾಖಾನೆಯವರು ಕೊಟ್ಟ ಅಗಲವಾದ ಬೆಲ್ಟು ಮಂಚದ ತುದಿಯಲ್ಲಿ ನೇತಾಡುತ್ತಿತ್ತು. ಹೊಟ್ಟೆ ಕೊಯ್ದಿದೆ, ಸೊಂಟ ಸಡಿಲಾಗಿದೆ, ನಡು ಕಟ್ಟಬೇಕು, ತಣ್ಣಗಿನದು ಮುಟ್ಟಬಾರದು. ಇದು ಅವಳಿಗೆ ಗೊತ್ತಿಲ್ಲದ ಸ್ಥಿತಿಯೇನಲ್ಲ. ಓಣಿಯಲ್ಲಿ ಹೆತ್ತವರಿಗೆಲ್ಲ ಅಂಟಿನ ಉಂಡೆ ಕಟ್ಟಿಕೊಟ್ಟವಳು ಅವಳು. ಸ್ವಂತಕ್ಕೆ ಒಮ್ಮೆಯೂ ಕಟ್ಟಿಕೊಳ್ಳುವ ಪ್ರಸಂಗ ಬರಲಿಲ್ಲ ಅಷ್ಟೇ.

"ಬಾಣಂತಿ ಇದ್ದಂಗ ನೋಡ್ರಿ ಇಂವ," ಎಂದಳು. ಪಕ್ಕದ ಮಂಚದವರೂ ನಕ್ಕರು. ಅವಳು ನಗಲಿಲ್ಲ.

ಬಿಡುವಾಗ ದವಾಖಾನೆಯವರು ಹೇಳಿದ್ದು ಮೂರು ಮಾತು. ಭಾರ ಎತ್ತಬೇಡ, ದಿನಾ ನಡೆದಾಡು, ತೂಕ ಏರದಂತೆ ನೋಡಿಕೊ. ಮೊದಲನೆಯದನ್ನು ಎಲ್ಲರೂ ಕೇಳಿಸಿಕೊಂಡರು. ಮೂರನೆಯದು ಯಾರ ತಲೆಗೂ ಹತ್ತಲಿಲ್ಲ. ಹಮಾಲರ ಲೆಕ್ಕದಲ್ಲಿ ತೂಕ ಎಂದರೆ ಮಂದಿಯದು, ಲಾರಿಗೆ ಏರಿಸಿ ಇಳಿದು ಬರುವಂಥದು. ತನ್ನ ಮೈಯೂ ಒಂದು ಚೀಲ ಎಂದು ಯಾವ ಹಮಾಲ ತಿಳಿದಾನು?

ಗುರುಲಿಂಗವ್ವ ಊರಿಗೆ ಬಂದವಳೇ ಅಂಟನ್ನು ತುಪ್ಪದಲ್ಲಿ ಹುರಿದಳು. ಒಣಕೊಬ್ಬರಿ ಹೆರೆದಳು, ಉತ್ತತ್ತಿ ಕುಟ್ಟಿದಳು, ಗಸಗಸೆ, ಗೋಡಂಬಿ, ಬೆಲ್ಲದ ಪಾಕ. ಮುಂಜಾನೆ ಒಂದು ಉಂಡೆ, ಸಂಜೆ ಒಂದು. ಅಮೀನಗಡದಲ್ಲಿ ಬಸ್ಸು ನಿಂತರೆ ಹಮಾಲರು ಕರದಂಟು ಕಟ್ಟಿಸಿಕೊಂಡು ಬರುವರು. "ತಿನ್ನಲೇ, ನಡಾ ಗಟ್ಟಿ ಆಗ್ಲಿ." ಅವನು ತಿಂದ. ಬೇಡ ಎನ್ನುವುದು ಅವನಿಗೆ ಬರುತ್ತಿರಲಿಲ್ಲ. ಬೆಲ್ಟು ಕಟ್ಟಿಕೊಂಡು ಅವಳ ಪಡಸಾಲೆಯಲ್ಲಿ ಕೂತು, ಒಂದೊಂದೇ ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವನು. ಅವಳು ಜೋಳ ಹಸನು ಮಾಡುತ್ತ ಎದುರಿಗೆ ಕೂರುವಳು. "ಅವ್ವಾರ" ಎನ್ನುತ್ತಿದ್ದವನು ಆ ದಿನಗಳಲ್ಲೇ "ಯವ್ವಾ" ಎನ್ನಲು ಶುರು ಮಾಡಿದ್ದು. ಯಾವ ದಿನ ಎಂದು ಇಬ್ಬರಿಗೂ ತಿಳಿಯಲಿಲ್ಲ. ಅವಳ ಬದುಕಿನಲ್ಲಿ ಅಷ್ಟು ತುಂಬಿದ ಮನೆ ಅದಕ್ಕೂ ಮೊದಲು ಇರಲಿಲ್ಲ.

ನೋವು ಹೋಯಿತು. ಕಾಲಿಗೆ ಜೀವ ಬಂತು. ಹೊರುವ ಕೆಲಸ ಮುಗಿದ ಮಾತು. ಚಾಂದಸಾಬ ಅವನನ್ನು ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯಲು ಕೂರಿಸಿದ. ಮುಂಜಾನೆಯಿಂದ ಸಂಜೆವರೆಗೆ ಕೂತೇ ಕೆಲಸ. ಹಸಿವು ಮಾತ್ರ ಹಮಾಲನದೇ ಉಳಿಯಿತು. ಬೆನ್ನಿಗೆ ಕೆಲಸ ತಪ್ಪಿದೆ ಎಂದು ಹೊಟ್ಟೆಗೆ ಯಾರೂ ಹೇಳಲಿಲ್ಲ. ಮೊದಲು ಅಂಗಿಯ ಕೆಳಗಿನ ಗುಂಡಿ ಹಿಡಿಯಲಿಲ್ಲ, ಆಮೇಲೆ ಬೆಲ್ಟಿನ ತುದಿಗೆ ತುದಿ ಮುಟ್ಟಲಿಲ್ಲ. ಮಂದಿ ಒಳ್ಳೆಯ ಲಕ್ಷಣ ಎಂದರು. "ಮೈ ಹಿಡದಾನ, ಆಪರೇಶನ್ ಒಗ್ಗೇತಿ."

ಒಂದು ದಿನ ತಮಾಷೆಗೆ ಅವನನ್ನು ಕಾಳು ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ಕ್ವಿಂಟಲ್ ದಾಟಿತ್ತು.

"ಒಂದು ಚೀಲ ಜೋಳಕ್ಕಿಂತ ಹೆಚ್ಗಿ ಅದಾನಲೇ! ಧಾರಣಿ ಏನು ಕೂಗ್ಲಿ?" ಎಂದು ತೂಕದ ಯುನೂಸ ಕೂಗಿದ.

"ಹಸನ ಮಾಡಿದ ಮಾಲಲ್ಲಪಾ, ಕಸಾ ಭಾಳ ಐತಿ. ಕಸದ ತೂಕಾ ಸೋಡಿ ಬಿಟ್ಟು ಕೂಗು," ಎಂದು ಅಮಸಿದ್ದಪ್ಪನೇ ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಟಾದಿಂದ ಇಳಿಯುವಾಗ ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡದ್ದನ್ನು ಚಾಂದಸಾಬ ಒಬ್ಬನೇ ನೋಡಿದ. ಸಂಜೆ ಗುರುಲಿಂಗವ್ವನಿಗೆ ಹೇಳಿದ.

ಬಾಗಲಕೋಟೆಗೆ ಅವಳೇ ಅವನನ್ನು ಕರೆದುಕೊಂಡು ಹೋದಳು. ಡಾಕ್ಟರ್ ಪದ್ಮಶ್ರೀ ಎಂದು ಒಬ್ಬ ಹೆಣ್ಣುಮಗಳು. ವಯಸ್ಸು ಚಿಕ್ಕದು, ಮಾತು ಬಿಚ್ಚು. ಹೊಸ ಫೋಟೋವನ್ನು ಬೆಳಕಿಗೆ ಹಿಡಿದಳು. ಬೂದು ಬಣ್ಣದ ಮಣಿಗಳ ನಡುವೆ ಲೋಹ ಬೆಳ್ಳಗೆ ಹೊಳೆಯುತ್ತಿತ್ತು.

"ಕೂಡಿಸಿದ್ದು ಸರಿ ಐತಿ. ಜಾರಿಲ್ಲ, ಮುರದಿಲ್ಲ. ಆದ್ರ ಇದರ ಕೆಳಗಿನ ಎಲಬು ನೋಡ್ರಿ. ಲೋಹ ಅದರಾಗ ಒಂಚೂರು ಇಳದು ಕುಂತೈತಿ. ಆಪರೇಶನ್ ಮಾಡೂಕಿಂತ ಮೊದಲ ಎಷ್ಟ ತೂಕ ಇದ್ದಿ, ಈಗ ಎಷ್ಟ ಅದಿ?"

ಅಮಸಿದ್ದಪ್ಪ ಹೇಳಿದ. ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನೀ ಹಮಾಲಿ ಮಾಡಿದಾಂವ. ಚೀಲಾ ಬೆನ್ನಿಗೆ ಹತ್ತಿಸ್ಕೊಂಡು ಹೊರೂದಕ್ಕೂ ಮುಂದ ಕೈ ಚಾಚಿ ಹಿಡಿಯೂದಕ್ಕೂ ಫರಕ ಐತೋ ಇಲ್ಲೋ?"

"ಐತ್ರಿ. ಕೈ ಚಾಚಿ ಯಾರ ಹಿಡೀತಾರ್ರಿ, ನಡಾ ಹೋಗತೈತಿ."

"ಹೊಟ್ಟಿ ಮುಂದ ಬಂತಂದ್ರ ಹಂಗ. ಹಗಲೂ ರಾತ್ರಿ ಕೈ ಚಾಚಿ ಹಿಡದ ಚೀಲ ಅದು. ಮುಂದ ಜಗ್ಗತೈತಿ, ಬೆನ್ನ ಡೊಂಕ ಆಗತೈತಿ. ಹಿಂದ ಸಣ್ಣ ಸಣ್ಣ ಕೀಲ ಅದಾವು, ಆ ಜಗ್ಗಾಟ ತಡದು ತಡದು ಸವೀತಾವ. ಗಾದಿ ಹೊಸದು ಕೊಡಬಹುದು. ಅದರ ಸುತ್ತ ಇರೂ ಎಲಬು ನಿಂದ, ಹಳೇದು. ಅದಕ್ಕ ತಡಕೊಳ್ಳಾಕ ಒಂದು ಮಿತಿ ಐತಿ."

"ತೂಕಾ ಇಳಿಸಿದ್ರ ಇಳದ ಲೋಹ ಮ್ಯಾಲೆ ಬರತೈತೇನ್ರಿ?" ಎಂದು ಗುರುಲಿಂಗವ್ವ ಕೇಳಿದಳು.

"ಇಲ್ಲವ್ವಾ. ಇಷ್ಟಕ್ಕ ನಿಲ್ಲಬಹುದು. ಇಪ್ಪತ್ತು ಕಿಲೋ ಇಳೀಬೇಕು. ಇಳೀಲಿಲ್ಲಂದ್ರ, ನೋವು ಹೆಚ್ಚಾದ್ರ, ಮತ್ತ ಆಪರೇಶನ್. ಈ ಸಲ ರಾಡು ಸ್ಕ್ರೂ ಹಾಕಿ ಆ ಜಾಗಾ ಪೂರ್ತಿ ಬಿಗಿಯೂದು. ಅದೂ ದೊಡ್ಡ ಕೆಲಸ, ಹೆಂಗ ಆಗತೈತಿ ಅಂತ ನಾ ಮಾತು ಕೊಡಾಕ ಬರಂಗಿಲ್ಲ." ಆಮೇಲೆ ಅಮಸಿದ್ದಪ್ಪನ ಕಡೆ ತಿರುಗಿ, "ಮನ್ಯಾಗ ಅಡಗಿ ಯಾರು ಮಾಡ್ತಾರ?"

ಅವನು ಗುರುಲಿಂಗವ್ವನನ್ನು ನೋಡಿದ.

"ನಿಮ್ಮವ್ವೇನು?"

ತುಸು ತಡೆದು ಅವನು "ಹೂಂನ್ರಿ" ಎಂದ.

"ಹಂಗಾರ ಎಲ್ಲಾ ನಿಮ್ಮ ಕೈಯಾಗ ಐತ್ರಿ ಅವ್ವಾರ. ಎಣಿಸಿ ಹಾಕ್ರಿ. ಹೊತ್ತಿಗೆ ಎರಡು ರೊಟ್ಟಿ. ಕಾಯಿಪಲ್ಯಾ ಹೊಟ್ಟಿತುಂಬ ಹಾಕ್ರಿ, ತುಪ್ಪ, ಬೆಲ್ಲ, ಉಂಡಿ ಪಂಡಿ ಬಂದ್."

ತಿರುಗಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಕಿಟಕಿಗೆ ಬಂದ ಕರದಂಟಿನವನು ಗುರುತು ಹಿಡಿದು "ಅವ್ವಾರ, ಅರ್ಧಾ ಕಿಲೋ ಕಟ್ಲಿ?" ಎಂದ. ಅವಳು ಸೆರಗು ಎಳೆದುಕೊಂಡು ಆ ಕಡೆ ಮುಖ ಮಾಡಿದಳು. ಕಿವಿಯಲ್ಲಿ ಎರಡೇ ಮಾತು. ಒಂದು ಎಣಿಸಿ ಹಾಕ್ರಿ ಎಂಬುದು. ಇನ್ನೊಂದು ಅವನ "ಹೂಂನ್ರಿ."

ಎಣಿಸುವುದು ಅಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಉಳಿದವರಿಗೆ ಎಣಿಸದೆ ಹಾಕುತ್ತ, ಅವನ ತಟ್ಟೆಗೆ ಬಂದಾಗ ಕೈ ಹಿಡಿಯಬೇಕು. ಎರಡು ರೊಟ್ಟಿ ಮುಗಿದ ಮೇಲೆ ಅವನು ತಲೆ ಎತ್ತುತ್ತಿರಲಿಲ್ಲ, ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂರುವನು. ಹಮಾಲರು ಕಾಡಿಸುವುದು ಬಿಟ್ಟರು. ತಮ್ಮ ಊಟವನ್ನು ಅವನ ಮುಂದೆ ಬೇಗ ಬೇಗ ಮುಗಿಸಿ ಏಳತೊಡಗಿದರು. ಅವನಿಗಾಗಿ ಬೇರೆ ಹೊತ್ತು ಮಾಡಿ ನೋಡಿದಳು. ಎಲ್ಲರೂ ಉಂಡು ಹೋದ ಮೇಲೆ ಅವನು ಬರಬೇಕು, ಎರಡು ರೊಟ್ಟಿ ಉಣ್ಣಬೇಕು, ಇಬ್ಬರೂ ಕೂತು ಮಾತಾಡಬೇಕು. ಮಾತು ಬರಲಿಲ್ಲ. ಅಷ್ಟು ವರ್ಷ ಅವರು ಮಾತಾಡಿದ್ದೆಲ್ಲ ತಟ್ಟೆಯ ಮೇಲಿಂದಲೇ. ಇನ್ನೊಂದು ಹಾಕ್ಲಿ, ಸಾಕು, ಅರ್ಧಾ ತಗೊ, ಹಿಂಡಿ ಖಾರ ಆತೇನು, ಇಲ್ಲ. ಈ ಮಾತುಗಳನ್ನು ತೆಗೆದರೆ ಉಳಿಯುವುದು ಗೋಡೆಯ ಗಡಿಯಾರದ ಸಪ್ಪಳ.

"ಮತ್ತ ಏನಪಾ?"

"ಏನಿಲ್ಲ ಯವ್ವಾ."

"ಹೊರಗ ಬಿಸಿಲ ಭಾಳ ಐತಿ."

"ಹೂಂ. ಬರ್ತೇನಿ ಹಂಗಾರ."

ಆದರೂ ಅವನು ಹಟ ಹಿಡಿದ. ಮುಂಜಾನೆ ಎದ್ದು ಇಲಕಲ್ ರಸ್ತೆ ಹಿಡಿದು ನಡೆಯುವನು. ಭುಜದ ಮೇಲೆ ಏನೂ ಇಲ್ಲದೆ ನಡೆಯುವುದು ಅವನಿಗೆ ನಾಚಿಕೆಯೆನಿಸುತ್ತಿತ್ತು. ಮಂದಿ ಏನು ತಿಳಿದಾರು ಎಂದು ಕೈಯಲ್ಲೊಂದು ಖಾಲಿ ಚೀಲ ಹಿಡಿದುಕೊಳ್ಳುವನು. ವಾರಕ್ಕೊಮ್ಮೆ ಕಾಟಾ ಹತ್ತುವನು. ಯುನೂಸ "ಧಾರಣಿ ಬಿದ್ದೈತಿ, ಮಾಲು ಇಳದೈತಿ" ಎಂದು ಕೂಗುವನು. ದೀಪಾವಳಿ ಹೊತ್ತಿಗೆ ಮುಖದ ಎಲುಬು ಕಾಣತೊಡಗಿತು. ಮತ್ತೆ ಶುರುವಾಗಿದ್ದ ಕಾಲಿನ ಜೋಮು ಕಡಿಮೆಯಾಯಿತು. ಗುರುಲಿಂಗವ್ವನಿಗೆ ಹಿತವೆನಿಸಿತು. ಮನೆ ಮಾತ್ರ ಬಣಬಣ. ಅವನು ಈಗ ಉಣ್ಣುವಷ್ಟೇ ಹೊತ್ತು ಕೂತು ಹೋಗುತ್ತಿದ್ದ.

ಎಳ್ಳ ಅಮಾವಾಸ್ಯೆಗೆ ಹಮಾಲರೆಲ್ಲ ಒಬ್ಬ ವ್ಯಾಪಾರಿಯ ಹೊಲಕ್ಕೆ ಚರಗ ಚೆಲ್ಲಲು, ಬೆಳೆದ ನೆಲಕ್ಕೆ ಎಡೆ ಹಾಕಿ ಬರಲು ಹೋದರು. ಬುತ್ತಿ ಗುರುಲಿಂಗವ್ವನದು. ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಎಳ್ಳು ಹೋಳಿಗೆ, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ. ಭೂಮಿತಾಯಿಗೆ ನೀಡಿದ ದಿನ ಉಣ್ಣುವವನಿಗೆ ಸಾಕು ಎನ್ನುವುದು ಹೇಗೆ? ಬದುವಿನ ಮೇಲೆ ಕೂತು ಅಮಸಿದ್ದಪ್ಪ ಹಿಂದಿನ ಹಾಗೆ ಉಂಡ. "ಬಂದಾ ನೋಡ್ರಲೇ ನಮ್ಮ ಅಮಸಿದ್ದ!" ಎಂದು ಚಾಂದಸಾಬ ಅವನ ತೊಡೆ ತಟ್ಟಿದ. ಗುರುಲಿಂಗವ್ವ ನೀಡಿದಳು. ಎಷ್ಟು ದಿನಗಳ ಮೇಲೆ ಅವನು ಅವಳ ಕೈಯನ್ನು ನೋಡುತ್ತ ಉಂಡ! "ಯವ್ವಾ, ಈ ಸಲ ಕಡಬಿನ್ಯಾಗ ಬೆಲ್ಲ ಮುಂದಾತು," ಎಂದ. "ನಿನ ನಾಲಗಿ ಹಿಂದ ಬಿದ್ದೈತಿ," ಎಂದಳು. ಹೆಗಲು ಕುಲುಕಿ ಅವನು ನಕ್ಕ.

ಒಂದು ದಿನದ ಊಟ ಬೆನ್ನು ಮುರಿಯುವುದಿಲ್ಲ. ಆದರೆ ಒಮ್ಮೆ ತೆರೆದ ಬುಟ್ಟಿ ಮುಚ್ಚಲಿಲ್ಲ. ಸಂಕ್ರಾಂತಿಯವರೆಗೂ ಅವನು ಮಧ್ಯಾಹ್ನ ಬೇಗ ಬರುವುದು, ತಡವಾಗಿ ಏಳುವುದು ನಡೆಯಿತು. ಎರಡು ಎಂದು ಹಾಕಿದರೆ ಅದು ಮೂರು, ಮೂರು ಎಂದರೆ ಆಮೇಲೆ ಲೆಕ್ಕವಿಲ್ಲ. ಬಿಸಿ ರೊಟ್ಟಿ ಉಬ್ಬಿ ಉಸಿರು ಬಿಟ್ಟಾಗ ಅವನ ಮುಖ ಅರಳುವುದನ್ನು ನೋಡಿ ಹಂಚು ಇಳಿಸಲು ಯಾರಿಗೆ ಮನಸ್ಸು ಬಂದೀತು? ನಡೆಯುವುದು ತಪ್ಪಿತು. ಅವರಿಬ್ಬರಿಗೆ ಮಾತೂ ತಿರುಗಿ ಬಂದಿತ್ತು, ಹುಚ್ಚವ್ವನ ವಿಷಯ, ಅಂದಾನಪ್ಪನ ವಿಷಯ, ಬದಾಮಿ ಗುಡ್ಡದಲ್ಲಿ ಕುರಿ ಕಾಯುವಾಗ ಮಂಗಗಳು ಬುತ್ತಿ ಕದ್ದ ವಿಷಯ. ಕೈ ಒಣಗುವವರೆಗೂ ಕೂತು ಮಾತಾಡುವರು.

ಸಂಕ್ರಾಂತಿ ಕಳೆದು ವಾರಕ್ಕೆ ಅವನು ಊಟಕ್ಕೆ ಬರಲಿಲ್ಲ. ಚಾಂದಸಾಬ ಖೋಲಿಗೆ ಹೋಗಿ ನೋಡಿದರೆ ಕಂಬಳಿಯ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಏಳಲು ಹೋದರೆ ಸೊಂಟದಿಂದ ಹಿಮ್ಮಡಿಯವರೆಗೆ ಮಿಂಚು ಹರಿದಂತೆ ಎಂದ. ಮತ್ತೆ ಬಾಗಲಕೋಟೆ. ಈ ಸಲ ಚಾಂದಸಾಬ ಕರೆದೊಯ್ದ. ಜೀಪಿನಲ್ಲಿ ಮಲಗಿಸಿಕೊಂಡು ಹೋಗಬೇಕಾಗಿದ್ದರಿಂದ ಅವಳಿಗೆ ಜಾಗವಿರಲಿಲ್ಲ. ಸಂಜೆ ಚಾಂದಸಾಬ ಬಂದು ಹೊಸ್ತಿಲಲ್ಲಿ ಕೂತ.

"ಯುಗಾದಿತನಾ ನೋಡ್ತಾರಂತ್ರಿ. ಅಷ್ಟರಾಗ ಇಳಿಸ್ಕೊಂಡು ಬಂದ್ರ ಪಾಡು. ಇಲ್ಲಂದ್ರ ರಾಡು ಹಾಕೂದ ಅಂತ. ಆ ಡಾಕ್ಟರಬಾಯಿ ಬೈಲಿಲ್ರಿ. ಬೈದಿದ್ರ ಪಾಡಿತ್ತು."

"ಇಂವ ಏನಂದ?"

"ಹಾದಿತುಂಬ ಜೀಪಿನ ಮಾಳಿಗಿ ನೋಡಕೋತ ಬಂದ."

ಗುರುಲಿಂಗವ್ವ ಅಂದು ಒಲೆ ಹಚ್ಚಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಮರುದಿನದಿಂದ ಎರಡು ರೊಟ್ಟಿ, ಒಂದು ಡಬ್ಬಿ ಪಲ್ಯ ಕಟ್ಟಿ ಖೋಲಿಗೆ ಕಳಿಸಿದಳು. ಹೀಗೆ ಒಂದಿಷ್ಟು ದಿನ ಕಳೆದು, ಎದ್ದು ಓಡಾಡುವಂತಾದ ಮೇಲೆ, ಒಂದು ಮಧ್ಯಾಹ್ನ ಅವನೇ ಬಂದ. ಹಮಾಲರು ಇನ್ನೂ ಬಂದಿರಲಿಲ್ಲ. ಹಂಚಿನ ಮೇಲೆ ಮೊದಲ ರೊಟ್ಟಿ ಬಿದ್ದಿತ್ತು. ಅವನು ಒಳಗೆ ಬರಲಿಲ್ಲ. ಚಪ್ಪಲಿ ಬಿಡಲಿಲ್ಲ. ಮೆಟ್ಟಿಲ ಕೆಳಗೆ ಬಿಸಿಲಿನಲ್ಲಿ ನಿಂತು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟ. ತೊಳೆದ ಡಬ್ಬಿ.

"ಬಾ, ಒಳಗ ಬಾ. ಅಲ್ಲ್ಯಾಕ ನಿಂತಿ?"

"ಬರಂಗಿಲ್ಲ ಯವ್ವಾ. ಒಂದು ಮಾತು ಹೇಳಿ ಹೋಗಾಂವ."

"ಹೇಳೂದು ಕುಂತು ಹೇಳು. ಎರಡ ರೊಟ್ಟಿ ಹಾಕ್ತೇನಿ. ಎಣಿಸಿ ಹಾಕ್ತೇನಿ, ಆಣಿ ಮಾಡ್ತೇನಿ ಬೇಕಾರ."

"ನೀ ಎಣಸ್ತಿ. ನಾನೂ ಎಣಸ್ತೇನಿ. ಮೂರನೇದಕ್ಕ ಇಬ್ರೂ ಮರೀತೀವಿ," ಎಂದ. ಅವನ ಹೆಗಲು ಕುಲುಕಲಿಲ್ಲ. "ಚಾಂದಮಾಮಾನ ಹೆಂಡ್ತಿ ಕಾಟಾದ ಹಂತ್ಯಾಕ ಎರಡು ರೊಟ್ಟಿ ಕಳಸ್ತಾಳಂತ. ಮೂರನೇದು ಕೇಳಿದ್ರ ಕೈಮ್ಯಾಲೆ ಹೊಡಿಯಾಕಿ. ಅಲ್ಲೇ ಉಣ್ತೇನಿ."

"ನನ್ನ ರೊಟ್ಟಿ ಬ್ಯಾಡಾದ್ವೇನಪಾ?"

"ಹಂಗನಬ್ಯಾಡ." ಅವನು ರುಮಾಲಿನಿಂದ ಕುತ್ತಿಗೆ ಒರೆಸಿಕೊಂಡ. "ಖೋಲ್ಯಾಗ ನನಗ ಹಸಿವಾನ ಆಗಂಗಿಲ್ಲ ಯವ್ವಾ. ಕೆಲಸದ ಹಂತ್ಯಾಕೂ ಆಗಂಗಿಲ್ಲ. ಈ ಓಣಿ ತಿರಿವ್ಯಾಗ ನೀ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ಆಗತೈತಿ. ಮೊದಲಿಂದೂ ಹಂಗ. ಅದು ಹೊಟ್ಟೀದಲ್ಲ ಅಂತ ನನಗ ಗೊತ್ತೈತಿ. ಬೆನ್ನಿಗೆ ಅದೆಲ್ಲಾ ತಿಳಿಯಂಗಿಲ್ಲ."

ಹಂಚಿನ ಮೇಲೆ ರೊಟ್ಟಿ ಕರಕಾಗುವ ವಾಸನೆ ಬಂತು. ಅವಳು ಏಳಲಿಲ್ಲ.

"ಸುಮ್ಮ ಬಂದು ಕುಂತು ಹೋಗು. ಉಣಬ್ಯಾಡ. ಸಂಜೀಕ ಬಾ."

"ಸುಮ್ಮ ಕುಂತು ನೋಡಿದಿವಲ್ಲ."

ಓಣಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಮೊದಲು ಎರಡು ಚೀಲ ಹೊತ್ತು ನಿಂತರೂ ಹಾಗೆ ಬದಲಿಸಿದವನಲ್ಲ.

"ಯುಗಾದಿ ಆದಮ್ಯಾಲೆ ಬರ್ತಿ?"

"ರಾಡು ಹಾಕಿದ್ರ ಬರಾಕ ಆಗಂಗಿಲ್ಲ. ಹಾಕದಿದ್ರ ಬರಬಾರದು," ಎಂದ. ಕೂತು ಯೋಚಿಸಿ ಕಟ್ಟಿಕೊಂಡು ಬಂದ ಮಾತಿನ ಹಾಗಿತ್ತು ಅದು. "ನನ್ನ ಮಾತಿನ ಮ್ಯಾಲೆ ನನಗ ವಿಶ್ವಾಸ ಇಲ್ಲ. ಇವತ್ತ ಹಿಂಗ ಅಂತೇನಿ, ನಾಳಿಗಿ ಮಧ್ಯಾಹ್ನ ಇಲ್ಲೇ ಬಂದು ನಿಂದರತೇನಿ. ಅದಕ್ಕ ನಿನಗ ಹೇಳಾಕ ಬಂದೇನಿ. ಊಟದ ಹೊತ್ತಿಗೆ ನಾ ಬರೂದು ಕಂಡ್ರ ಬಾಗ್ಲಾ ಹಾಕ್ಕೊ."

"ಏನಂದಿ?"

"ಬಾಗ್ಲಾ ಹಾಕ್ಕೊ ಅಂದೆ."

"ಬಸವಣ್ಣನ ಒಕ್ಕಲಪಾ ನಾವು. ಉಣ್ಣೂ ಹೊತ್ತಿನ್ಯಾಗ ಹೊರಗ ಮನಶ್ಯಾನ್ನ ನಿಲ್ಲಿಸಿ ಬಾಗ್ಲಾ ಹಾಕಿದ ಮನಿ ಅಲ್ಲ ಇದು. ನಮ್ಮತ್ತಿ ಹಾಕಿಲ್ಲ, ನಾ ಹಾಕಿಲ್ಲ. ಗಂಡನ ಹೆಣಾ ಒಳಗಿದ್ದಾಗೂ ಹಾಕಿಲ್ಲ. ಬ್ಯಾರೆ ಏನರ ಕೇಳು."

"ಬ್ಯಾರೆ ಏನೂ ಕೇಳಂಗಿಲ್ಲ."

ಅವಳು ಕದಕ್ಕೆ ಕೈ ಕೊಟ್ಟು ಎದ್ದು ನಿಂತಳು. ಅವನ ನೆರಳು ಮೆಟ್ಟಿಲ ಮೇಲೆ ಗಿಡ್ಡಗೆ ಬಿದ್ದಿತ್ತು. ಮಾರುಕಟ್ಟೆಯ ಕಡೆಯಿಂದ ಹಮಾಲರ ಮಾತು ಕೇಳಿಸತೊಡಗಿತು. ಅವರು ಬಂದರೆ ಇವನೂ ಅವರ ಜೊತೆ ಒಳಗೆ ಬಂದುಬಿಡುತ್ತಾನೆ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಈಗ ಹಾಕ್ಕೊ ಯವ್ವಾ," ಎಂದ ಅಮಸಿದ್ದಪ್ಪ. "ನೀ ಹಾಕೂತನಾ ನನಗ ಹೋಗಾಕ ಆಗಂಗಿಲ್ಲ. ಹಾಕ್ಕೊ."